ಮೆಲ್ವಿಲ್ ಓದುವವರ ಪ್ರಶ್ನೆಗಳು

ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್ (1819–1891) ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಪುಟದ ಪರಿಚಯ ಬಂದಿತ್ತು. ನ್ಯೂಯಾರ್ಕಿನಲ್ಲಿ ಹುಟ್ಟಿದ, ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿದ, ‘ಮೋಬಿ ಡಿಕ್’ ಬರೆದ, ಆಮೇಲೆ ಕಸ್ಟಮ್ಸ್ ನೌಕರನಾಗಿ ಬದುಕಿದ ಎಂಬಷ್ಟಕ್ಕೇ ಅದು ಮುಗಿದಿತ್ತು. ಅಷ್ಟು ಸಾಲದೆಂದು ಬಂದ ಪತ್ರಗಳಲ್ಲಿ ಒಂದೇ ವಿಷಯದವನ್ನು ಒಟ್ಟುಮಾಡಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ‘ಮೋಬಿ ಡಿಕ್’ ಎರಡು ಸಲ ಶುರು ಮಾಡಿ ಎರಡು ಸಲವೂ 32ನೇ ಅಧ್ಯಾಯದಲ್ಲಿ ಕೈಬಿಟ್ಟೆ. ತಿಮಿಂಗಿಲದ ಜಾತಿ, ಹಗ್ಗ, ಕೊಪ್ಪರಿಗೆ ಎಂದು ಬರುವ ಅಧ್ಯಾಯಗಳನ್ನೆಲ್ಲ ಹಾರಿಸಿ ಕಥೆಯನ್ನಷ್ಟೇ ಓದಿದರೆ ಏನು ನಷ್ಟ?

ಉತ್ತರ: 32 ಬೇಕಾದರೆ ಹಾರಿಸಿ, 60 ಮಾತ್ರ ಹಾರಿಸಬೇಡಿ. ಅದನ್ನು ಬಿಟ್ಟರೆ, ಬಿಳಿ ತಿಮಿಂಗಿಲವೊಂದರ ಬೆನ್ನುಹತ್ತಿದ ಕ್ಯಾಪ್ಟನ್ ಏಹಬ್ ಕೊನೆಯಲ್ಲಿ ಸತ್ತದ್ದು ಹೇಗೆ ಎಂಬುದೇ ಸರಿಯಾಗಿ ತಲೆಗೆ ಹತ್ತುವುದಿಲ್ಲ.

60ನೇ ಅಧ್ಯಾಯ ಪೂರ್ತಿ ಒಂದು ಹಗ್ಗದ ವರ್ಣನೆ. ಹಡಗಿನಿಂದ ಇಳಿಸುವ ಬೇಟೆದೋಣಿಯಲ್ಲಿ ಆರು ಜನ. ಹಿಂತುದಿಯಲ್ಲಿ ಉದ್ದನೆಯ ಹುಟ್ಟು ಹಿಡಿದು ದಿಕ್ಕು ನೋಡಿಕೊಳ್ಳುವವನು ಮೇಟ್, ಅಂದರೆ ಕ್ಯಾಪ್ಟನ್‌ನ ಕೈಕೆಳಗಿನ ಅಧಿಕಾರಿ. ಉಳಿದ ಐವರು ಹುಟ್ಟು ಹಾಕುವವರು, ಅವರಲ್ಲಿ ಎಲ್ಲರಿಗಿಂತ ಮುಂದೆ ಕೂತವನು ಹಾರ್ಪೂನ್ ಎಂಬ ಕೊಕ್ಕೆಯ ಈಟಿ ಎಸೆಯುವವನು. ಹಾರ್ಪೂನಿಗೆ ಕಟ್ಟಿದ ಹಗ್ಗ ಇನ್ನೂರು ಮಾರಿಗಿಂತ ತುಸು ಹೆಚ್ಚು, ಅಂದರೆ 1,200 ಅಡಿ ದಾಟುತ್ತದೆ. ದಪ್ಪ ನೋಡಿದರೆ ಅಂಗುಲದ ಮೂರರಲ್ಲೆರಡು ಪಾಲು, ಅಷ್ಟೇ. 51 ಎಳೆ, ಒಂದೊಂದು ಎಳೆಯೂ ನೂರು ಪೌಂಡಿಗಿಂತ ಹೆಚ್ಚು ತಾಳುತ್ತದೆ ಎಂದು ಮೆಲ್ವಿಲ್ ಲೆಕ್ಕ ಕೊಡುತ್ತಾನೆ.

ಇಷ್ಟು ಹಗ್ಗವನ್ನು ಟಬ್ಬಿನಲ್ಲಿ ಸುರುಳಿ ಸುತ್ತಿಡಬೇಕು. ಸುತ್ತುವಾಗ ಎಲ್ಲಾದರೂ ಒಂದು ತಿರುಚು ಉಳಿದರೆ, ಹಗ್ಗ ಓಡುವಾಗ ಅದು ಯಾರದೋ ತೋಳನ್ನೋ ಕಾಲನ್ನೋ ಕಿತ್ತುಕೊಂಡು ಹೋಗುತ್ತದೆ. ಅದಕ್ಕೇ ಕೆಲವು ಹಾರ್ಪೂನಿಗರು ಬೆಳಗಿನ ಹೊತ್ತೆಲ್ಲ ಇದೊಂದೇ ಕೆಲಸ ಮಾಡುತ್ತಿದ್ದರು: ಹಗ್ಗವನ್ನು ಕೂವೆಮರದ ಮೇಲಕ್ಕೆ ಒಯ್ದು, ರಾಟೆಯ ಮೂಲಕ ಇಳಿಬಿಟ್ಟು, ತಿರುಚೆಲ್ಲ ಬಿಚ್ಚಿಕೊಂಡ ಮೇಲೆ ಟಬ್ಬಿಗೆ ಇಳಿಸುವುದು. ಟಬ್ಬಿನಿಂದ ಹೊರಟ ಹಗ್ಗ ಮೊದಲು ಹಿಂದಕ್ಕೆ ಹೋಗಿ ಅಲ್ಲಿನ ಗೂಟವನ್ನು ಬಳಸುತ್ತದೆ. ಅಲ್ಲಿಂದ ತಿರುಗಿ, ಒಬ್ಬೊಬ್ಬನ ಹುಟ್ಟಿನ ಹಿಡಿಯ ಮೇಲೂ ಅಡ್ಡ ಹಾದು, ಎಡಕ್ಕೊಬ್ಬ ಬಲಕ್ಕೊಬ್ಬ ಕೂತವರ ನಡುವೆ ನುಸುಳಿ, ಮೂತಿಯಲ್ಲಿ ಸೀಸ ಹೊದಿಸಿದ ಕಚ್ಚಿನಿಂದ ಹೊರಗೆ ಬೀಳುತ್ತದೆ. ಹುಟ್ಟು ಹಾಕುತ್ತಿರುವಷ್ಟು ಹೊತ್ತೂ ಅದು ಅವರ ಮಣಿಕಟ್ಟಿಗೆ ತಾಕುತ್ತಿರುತ್ತದೆ. ತಿಮಿಂಗಿಲಕ್ಕೆ ಹಾರ್ಪೂನ್ ನಾಟಿದ ಗಳಿಗೆಯಿಂದ ಆ ಆರೂ ಜನ ಓಡುವ ಹಗ್ಗದ ಮಧ್ಯೆ ಕೂತವರೇ.

ಇನ್ನು ಹಗ್ಗದ ಕೆಳತುದಿ. ಅಲ್ಲಿ ಹೆಣೆದ ಒಂದು ಕುಣಿಕೆ ಇರುತ್ತದೆ. ಅದನ್ನು ಎಲ್ಲಿಗೂ ಕಟ್ಟದೆ ಟಬ್ಬಿನ ಅಂಚಿನಿಂದ ಸುಮ್ಮನೆ ಇಳಿಬಿಟ್ಟಿರುತ್ತಾರೆ. ತಿಮಿಂಗಿಲ ಆಳಕ್ಕೆ ಇಳಿದು ಹಗ್ಗ ಸಾಲದೆ ಬಂದರೆ ಪಕ್ಕದ ದೋಣಿಯ ಹಗ್ಗವನ್ನು ಅದಕ್ಕೆ ಸೇರಿಸಬಹುದು. ಅದಕ್ಕಿಂತ ದೊಡ್ಡ ಕಾರಣ, ತುದಿಯನ್ನು ದೋಣಿಗೆ ಕಟ್ಟಿದ್ದರೆ ತಿಮಿಂಗಿಲದ ಜೊತೆ ದೋಣಿಯೂ ತಳ ಸೇರುತ್ತದೆ.

ಈಗ 135ನೇ ಅಧ್ಯಾಯಕ್ಕೆ ಹೋಗಿ. ಏಹಬ್ ಹಾರ್ಪೂನ್ ಎಸೆಯುತ್ತಾನೆ, ಹಗ್ಗ ಓಡುತ್ತದೆ, ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಬಗ್ಗುತ್ತಾನೆ, ಬಿಡಿಸುತ್ತಾನೆ ಕೂಡ. ಆದರೆ ಹಾರಿಬಂದ ಒಂದು ಸುತ್ತು ಕೊರಳಿಗೆ ಬೀಳುತ್ತದೆ. ದೋಣಿಯವರಿಗೆ ಗೊತ್ತಾಗುವ ಮೊದಲೇ ಅವನಿಲ್ಲ. ಮರುಕ್ಷಣ ಖಾಲಿ ಟಬ್ಬಿನಿಂದ ಆ ಕುಣಿಕೆ ಚಿಮ್ಮಿ, ಒಬ್ಬನನ್ನು ಕೆಡವಿ, ಸಮುದ್ರ ಸೇರುತ್ತದೆ. ಇಡೀ ಸಾವು ಎರಡು ಮೂರು ವಾಕ್ಯದಲ್ಲಿ ಮುಗಿಯುತ್ತದೆ, ಯಾಕೆಂದರೆ ವಿವರವೆಲ್ಲ 75 ಅಧ್ಯಾಯ ಹಿಂದೆಯೇ ಬಂದಾಗಿದೆ. ಹಗ್ಗವೊಂದೇ ಅವನನ್ನು ಕೊಲ್ಲಬಲ್ಲದು ಎಂಬ ಭವಿಷ್ಯವನ್ನು 117ನೇ ಅಧ್ಯಾಯದಲ್ಲಿ ಕೇಳಿದಾಗ ಏಹಬ್ ನೇಣುಗಂಬ ಎಂದುಕೊಂಡು ನಗುತ್ತಾನೆ. 60 ಓದಿದವರು ನಗುವುದಿಲ್ಲ.

ನೀವು ಸೋತ 32ನೇ ಅಧ್ಯಾಯದ ಕಥೆ ಬೇರೆ. ಅಲ್ಲಿ ತಿಮಿಂಗಿಲಗಳನ್ನು ಪುಸ್ತಕದ ಅಳತೆಯಂತೆ ಫೋಲಿಯೊ, ಆಕ್ಟೇವೊ, ಡ್ಯುಯೊಡೆಸಿಮೊ ಎಂದು ವಿಂಗಡಿಸುತ್ತಾನೆ. ಅರ್ಧ ತಮಾಷೆ, ಅರ್ಧ ನಿಜ. ಬಂದಿರುವ ಜಾಗ ಮಾತ್ರ ಕೆಟ್ಟದ್ದು: ಹಡಗು 22ರಲ್ಲಿ ಹೊರಡುತ್ತದೆ, ಏಹಬ್ ಮುಖ ತೋರಿಸುವುದು 28ರಲ್ಲಿ, ಅವನ ಉದ್ದೇಶ ಬಯಲಾಗುವುದು 36ರಲ್ಲಿ. ಕುತೂಹಲ ಕುದುರುತ್ತಿರುವಾಗಲೇ ಪಟ್ಟಿ ಬಂದು ಕೂರುತ್ತದೆ. 36 ಮುಗಿಸಿ ಆಮೇಲೆ 32ಕ್ಕೆ ಬನ್ನಿ. 41, 42 ನಿಧಾನವಾಗಿ ಓದಿ. 60ರಿಂದ 63ರವರೆಗೆ ಒಂದೇ ಸಲಕ್ಕೆ ಓದಿ. 133, 134, 135 ಬೇಟೆಯ ಮೂರು ದಿನ, ನಡುವೆ ಪುಸ್ತಕ ಮಡಚಬೇಡಿ. ಬಿಳಿ ತಿಮಿಂಗಿಲ ಪೀಕ್ವಾಡ್ ಹಡಗಿನವರ ಕಣ್ಣಿಗೆ ಬೀಳುವುದೇ 133ರಲ್ಲಿ, ಆದ್ದರಿಂದ ಅದಕ್ಕಾಗಿ ಪುಟ ತಿರುವಿ ಪ್ರಯೋಜನವಿಲ್ಲ.

ಪ್ರಶ್ನೆ: ಮರದ ಹಡಗಿನ ಮೇಲೆ ಒಲೆ ಹಾಕಿ ತಿಮಿಂಗಿಲದ ಕೊಬ್ಬು ಕಾಯಿಸಿ ಎಣ್ಣೆ ತೆಗೆಯುತ್ತಿದ್ದರಂತೆ. ಹಡಗು ಹೊತ್ತಿಕೊಳ್ಳುತ್ತಿರಲಿಲ್ಲವೇ?

ಉತ್ತರ: ಹೊತ್ತಿಕೊಳ್ಳದಂತೆ ಕಟ್ಟುತ್ತಿದ್ದರು. 96ನೇ ಅಧ್ಯಾಯದಲ್ಲಿ ಅದರ ರಚನೆ ಪೂರ್ತಿ ಇದೆ. ಮುಂದಿನ ಕೂವೆಮರಕ್ಕೂ ನಡುವಿನ ಕೂವೆಮರಕ್ಕೂ ಮಧ್ಯೆ ಇಟ್ಟಿಗೆ-ಗಾರೆಯ ಕಟ್ಟೆ: ಸುಮಾರು ಹತ್ತಡಿ ಉದ್ದ, ಎಂಟಡಿ ಅಗಲ, ಐದಡಿ ಎತ್ತರ. ಡೆಕ್ಕಿಗೆ ಕಬ್ಬಿಣದ ಪಟ್ಟಿಗಳಿಂದ ಬಿಗಿದಿರುತ್ತಾರೆ. ಒಳಗೆ ಎರಡು ಕೊಪ್ಪರಿಗೆ, ಒಂದೊಂದಕ್ಕೂ ಹಲವು ಪೀಪಾಯಿ ಹಿಡಿಯುತ್ತದೆ. ಒಲೆಯ ಬಾಯಿಗೆ ಕಬ್ಬಿಣದ ಬಾಗಿಲು. ಕಟ್ಟೆಯ ಅಡಿಗೆ, ಡೆಕ್ಕಿನ ಮೇಲೆ ಉದ್ದಗಲಕ್ಕೂ ತೆಳ್ಳನೆಯ ನೀರಿನ ತೊಟ್ಟಿ ಇರುತ್ತದೆ. ನೀರು ಕಾದು ಆವಿಯಾದಂತೆಲ್ಲ ಹಿಂದಿನ ಕೊಳವೆಯಿಂದ ತುಂಬುತ್ತಿರಬೇಕು. ತುಂಬುವುದನ್ನು ಮರೆತರೆ ಡೆಕ್ಕಿನ ಹಲಗೆ ಸುಡುತ್ತದೆ.

ಕೊಬ್ಬನ್ನು ದೊಡ್ಡ ತುಂಡಾಗಿ ಹಾಕುವುದಿಲ್ಲ. ಪುಸ್ತಕದ ಹಾಳೆಗಳಂತೆ ತೆಳುವಾಗಿ ಸೀಳಿ ಹಾಕುತ್ತಾರೆ. ದಪ್ಪ ಬಿಟ್ಟರೆ ಎಣ್ಣೆ ಬಿಡುವುದು ನಿಧಾನ, ಬರುವುದೂ ಕಡಿಮೆ. ಮೊದಲ ಉರಿಗೆ ಮಾತ್ರ ಸೌದೆ. ಆಮೇಲೆ ಎಣ್ಣೆ ಬಿಟ್ಟು ಗರಿಗರಿಯಾದ ಕೊಬ್ಬಿನ ಚೂರುಗಳೇ ಉರುವಲು, ಅಂದರೆ ತಿಮಿಂಗಿಲ ತನ್ನ ಬೆಂಕಿಯಲ್ಲೇ ಬೇಯುತ್ತದೆ. ಆ ಹೊಗೆಯ ನಾತದ ಬಗ್ಗೆ ಮೆಲ್ವಿಲ್ ಬರೆದದ್ದನ್ನು ಊಟಕ್ಕೆ ಮುಂಚೆ ಓದಬೇಡಿ.

ಹೀಗೆಂದು ಅವನು ಹೇಳಿದ್ದೆಲ್ಲ ರೂಢಿಯಲ್ಲಿದ್ದದ್ದು ಎಂದು ನಂಬಬೇಕಿಲ್ಲ. 72ನೇ ಅಧ್ಯಾಯದಲ್ಲಿ ಹಡಗಿನ ಪಕ್ಕಕ್ಕೆ ಕಟ್ಟಿದ ತಿಮಿಂಗಿಲದ ಬೆನ್ನಿನ ಮೇಲೆ ಹಾರ್ಪೂನಿಗ ಕ್ವೀಕ್ವೆಗ್ ಕೆಲಸ ಮಾಡುತ್ತಾನೆ. ಅವನ ಸೊಂಟದ ಹಗ್ಗದ ಇನ್ನೊಂದು ತುದಿ ಮೇಲಿರುವ, ಈ ಕಥೆ ಹೇಳುವ ಇಷ್ಮೇಲನ ಸೊಂಟಕ್ಕೆ. ಕೆಳಗಿನವನು ಮುಳುಗಿದರೆ ಮೇಲಿನವನೂ ಹೋದ. ಆದರೆ ಇಬ್ಬರನ್ನೂ ಹೀಗೆ ಜೋಡಿಸಿ ಕಟ್ಟುವ ಪದ್ಧತಿ ಪೀಕ್ವಾಡಿನಲ್ಲಿ ಮಾತ್ರ ಇತ್ತೆಂದು ಅಡಿಟಿಪ್ಪಣಿ ಹಾಕಿದ್ದಾನೆ. ಎಲ್ಲಿ ಬದಲಿಸಿದ್ದೇನೆಂದು ತಾನೇ ತೋರಿಸಿಕೊಡುವ ಕಾದಂಬರಿಕಾರರು ವಿರಳ.

ಪ್ರಶ್ನೆ: ತಿಮಿಂಗಿಲ ಮೀನು ಎಂದು ಬರೆದಿದ್ದಾನಲ್ಲ, ಅಷ್ಟೂ ಗೊತ್ತಿರಲಿಲ್ಲವೇ?

ಉತ್ತರ: ಚೆನ್ನಾಗಿ ಗೊತ್ತಿತ್ತು. ಬಿಸಿರಕ್ತ, ಶ್ವಾಸಕೋಶ ಇರುವುದರಿಂದ ಅದು ಮೀನಲ್ಲ ಎಂಬ ಜೀವವಿಜ್ಞಾನಿ ಲಿನ್ನೇಯಸ್‌ನ ವಾದವನ್ನು 32ನೇ ಅಧ್ಯಾಯದಲ್ಲಿ ಹೇಳಿ, ಬೇಕೆಂದೇ ತಳ್ಳಿಹಾಕುತ್ತಾನೆ. ಮಾತಾಡುತ್ತಿರುವವನು ನಾವಿಕ ಇಷ್ಮೇಲ್ ಎಂಬುದನ್ನು ನೆನಪಿಡಿ.

ಪ್ರಶ್ನೆ: ಬೇಟೆ ಹಡಗಿನಲ್ಲಿ ಮೆಲ್ವಿಲ್‌ಗೆ ಸಂಬಳ ಎಷ್ಟಿತ್ತು?

ಉತ್ತರ: ಸಂಬಳವೇ ಇರಲಿಲ್ಲ, ಇದ್ದದ್ದು ಪಾಲು. ಯಾನ ಮುಗಿದು ಎಣ್ಣೆ ಮಾರಿದ ಮೇಲೆ ಬಂದ ನಿವ್ವಳ ಹಣದಲ್ಲಿ ಒಬ್ಬೊಬ್ಬನಿಗೂ ಮೊದಲೇ ಗೊತ್ತುಮಾಡಿದ ಭಾಗ. ಮೆಲ್ವಿಲ್ 1841ರ ಜನವರಿ 3ರಂದು ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್ ಬಂದರಿನಿಂದ ಅಕುಷ್ನೆಟ್ ಎಂಬ ಹಡಗಿನಲ್ಲಿ ಹೊರಟ. ಅವನ ಪಾಲು 175ರಲ್ಲಿ ಒಂದು, ಮುಂಗಡ 84 ಡಾಲರ್. ಲೆಕ್ಕಕ್ಕೆಂದು ನಿವ್ವಳ 35,000 ಡಾಲರ್ ಎಂದಿಟ್ಟುಕೊಳ್ಳಿ: ಅವನ ಭಾಗ 200. ಅದರಲ್ಲಿ ಮುಂಗಡ ವಜಾ, ಹಡಗಿನ ಪೆಟ್ಟಿಗೆಯಿಂದ ಸಾಲಕ್ಕೆ ಕೊಂಡ ಬಟ್ಟೆ, ತಂಬಾಕು ವಜಾ. ಮೂರು ನಾಲ್ಕು ವರ್ಷ ದುಡಿದು ಬರಿಗೈಯಲ್ಲಿ ಇಳಿಯುವುದು ಆಶ್ಚರ್ಯವೇನಲ್ಲ. ನಡುವೆ ಹಡಗು ಬಿಟ್ಟು ಓಡಿದವನಿಗೆ ಪಾಲೂ ಇಲ್ಲ, ಮೆಲ್ವಿಲ್ ಒಂದೂವರೆ ವರ್ಷಕ್ಕೇ ಓಡಿದ.

ಕಾದಂಬರಿಯ 16ನೇ ಅಧ್ಯಾಯದ ಚೌಕಾಶಿ ಈ ಅನುಭವದ ಫಲ. ಇಷ್ಮೇಲ್ 275ರಲ್ಲಿ ಒಂದನ್ನು ನಿರೀಕ್ಷಿಸುತ್ತಾನೆ. ಹಡಗಿನ ಪಾಲುದಾರ ಬಿಲ್ಡಾಡ್ 777 ಎನ್ನುತ್ತಾನೆ. ಸಂಖ್ಯೆ ದೊಡ್ಡದಾದಷ್ಟೂ ಪಾಲು ಚಿಕ್ಕದು, ಹೊಸಬರು ಮೋಸಹೋಗುತ್ತಿದ್ದದ್ದು ಅಲ್ಲೇ. ಕೊನೆಗೆ 300ಕ್ಕೆ ಇತ್ಯರ್ಥ. ಗುರಿಯಿಟ್ಟು ಹಾರ್ಪೂನ್ ಎಸೆದು ತೋರಿಸಿದ ಕ್ವೀಕ್ವೆಗ್‌ಗೆ ಮಾತಿಲ್ಲದೆ 90.

ಪ್ರಶ್ನೆ: ಅವನ ಮೊದಲ ಪುಸ್ತಕ ‘ಟೈಪೀ’ ನಿಜ ಅನುಭವವೋ ಕಟ್ಟುಕಥೆಯೋ?

ಉತ್ತರ: ಎರಡೂ ಬೆರೆತಿದೆ. 1842ರ ಜುಲೈಯಲ್ಲಿ ಮಾರ್ಕ್ವೆಸಸ್ ದ್ವೀಪಗಳ ನುಕು ಹಿವದಲ್ಲಿ ಗೆಳೆಯ ಟೋಬಿ ಗ್ರೀನ್ ಜೊತೆ ಹಡಗು ಬಿಟ್ಟದ್ದು ನಿಜ. ಕಣಿವೆಯ ಜನರ ನಡುವೆ ಉಳಿದದ್ದೂ ನಿಜ. ಆದರೆ ಉಳಿದದ್ದು ಸುಮಾರು ಒಂದು ತಿಂಗಳು, ಪುಸ್ತಕದಲ್ಲಿ ಅದು ನಾಲ್ಕು ತಿಂಗಳಾಗಿದೆ. ಉಳಿದ ವಿವರಗಳನ್ನು ಬೇರೆ ಪ್ರವಾಸಿಗರ ಗ್ರಂಥಗಳಿಂದ ತುಂಬಿಕೊಂಡ. 1846ರಲ್ಲಿ ಪುಸ್ತಕ ಬಂದಾಗ ವಿಮರ್ಶಕರು ಮೂಗು ಮುರಿದರು. ಅಷ್ಟರಲ್ಲಿ, ಸತ್ತಿರಬಹುದೆಂದುಕೊಂಡಿದ್ದ ಟೋಬಿ ಬಫಲೊ ನಗರದಲ್ಲಿ ಪ್ರತ್ಯಕ್ಷನಾಗಿ, ಪತ್ರಿಕೆಗೆ ಬರೆದು ಸಾಕ್ಷಿ ಹೇಳಿದ. ಅವನು ತಪ್ಪಿಸಿಕೊಂಡ ಕಥೆ ಮುಂದಿನ ಮುದ್ರಣಗಳಿಗೆ ಬಾಲವಾಗಿ ಸೇರಿತು. ಮಿಷನರಿಗಳ ಮೇಲಿನ ಟೀಕೆಯನ್ನು ಅಮೆರಿಕದ ಪ್ರಕಾಶಕರು ಪರಿಷ್ಕೃತ ಮುದ್ರಣದಲ್ಲಿ ಕತ್ತರಿಸಿದರು. ಕೊಳ್ಳುವಾಗ ಪೂರ್ಣಪಾಠವೇ ಎಂದು ನೋಡಿಕೊಳ್ಳಿ.

ಪ್ರಶ್ನೆ: ‘ಮೋಬಿ ಡಿಕ್’ ಇಂಗ್ಲೆಂಡಿನಲ್ಲಿ ಬೇರೆ ಹೆಸರಿನಿಂದ, ಬೇರೆ ಅಂತ್ಯದೊಂದಿಗೆ ಬಂತೆಂದು ಕೇಳಿದ್ದೇನೆ. ಹೌದೇ?

ಉತ್ತರ: ಹೆಸರು ಬೇರೆ, ಅಂತ್ಯ ಕಾಣೆ. ಆಗ ಅಮೆರಿಕದ ಲೇಖಕನಿಗೆ ಬ್ರಿಟನ್ನಿನಲ್ಲಿ ಹಕ್ಕು ಉಳಿಯಬೇಕಾದರೆ ಪುಸ್ತಕ ಅಲ್ಲಿ ಮೊದಲು ಬರಬೇಕಿತ್ತು. ಹಾಗಾಗಿ ನ್ಯೂಯಾರ್ಕಿನಲ್ಲಿ ಅಚ್ಚುಮೊಳೆ ಜೋಡಿಸಿ, ಕರಡಚ್ಚನ್ನು ಲಂಡನ್ನಿನ ರಿಚರ್ಡ್ ಬೆಂಟ್ಲಿಗೆ ಕಳಿಸಿದರು. 1851ರ ಅಕ್ಟೋಬರ್ 18ರಂದು ಅಲ್ಲಿ ‘ದ ವೇಲ್’ ಎಂದು ಮೂರು ಸಂಪುಟಗಳಲ್ಲಿ, 500 ಪ್ರತಿ ಬಂತು. ಶೀರ್ಷಿಕೆ ಬದಲಿಸಿ ಎಂದು ಬರೆದ ಪತ್ರ ತಲುಪುವಾಗ ತಡವಾಗಿತ್ತು. ನವೆಂಬರ್ 14ರಂದು ನ್ಯೂಯಾರ್ಕಿನಲ್ಲಿ ಹಾರ್ಪರ್ ಸಂಸ್ಥೆಯಿಂದ ‘ಮೋಬಿ ಡಿಕ್’ ಎಂದು ಒಂದೇ ಸಂಪುಟ, ಬೆಲೆ ಒಂದೂವರೆ ಡಾಲರ್.

ಲಂಡನ್ ಮುದ್ರಣದಲ್ಲಿ ಧರ್ಮನಿಂದೆ ಅನ್ನಿಸಿದ ಸಾಲುಗಳಿಗೆ ಕತ್ತರಿ ಬಿತ್ತು. ಅದಕ್ಕಿಂತ ದೊಡ್ಡ ಅನಾಹುತ, ಇಷ್ಮೇಲ್ ಶವಪೆಟ್ಟಿಗೆ ಹಿಡಿದು ತೇಲಿ ಬದುಕುಳಿದ ಉಪಸಂಹಾರವೇ ಬಿಟ್ಟುಹೋಯಿತು. ಎಲ್ಲರೂ ಮುಳುಗಿದ ಮೇಲೆ ಈ ಕಥೆ ಹೇಳಿದವರಾರು ಎಂದು ಅಲ್ಲಿನ ವಿಮರ್ಶಕರು ಗೇಲಿ ಮಾಡಿದರು. ಆ ಮಾತುಗಳನ್ನು ಅಮೆರಿಕದ ಪತ್ರಿಕೆಗಳೂ ಎತ್ತಿ ಹಾಕಿಕೊಂಡವು, ತಮ್ಮ ಪ್ರತಿಯಲ್ಲಿ ಉಪಸಂಹಾರ ಇದ್ದರೂ!

ಹಣದ ಲೆಕ್ಕವನ್ನು ಇನ್ನೊಬ್ಬರು ಕೇಳಿದ್ದಾರೆ. ಹಾರ್ಪರ್‌ಗೆ ಅವನೇ ಸುಮಾರು 700 ಡಾಲರ್ ಬಾಕಿ ಇದ್ದ, ಆದ್ದರಿಂದ ಈ ಪುಸ್ತಕಕ್ಕೆ ಮುಂಗಡ ಹುಟ್ಟಲಿಲ್ಲ. 2,050 ಡಾಲರ್ ಸಾಲ ಮಾಡಿದ. ಬೆಂಟ್ಲಿ ಕೊಟ್ಟದ್ದು 150 ಪೌಂಡ್. ಅಮೆರಿಕದಲ್ಲಿ ಮೊದಲ ಮುದ್ರಣ 2,915 ಪ್ರತಿ. 1853ರ ಡಿಸೆಂಬರಿನಲ್ಲಿ ಹಾರ್ಪರ್ ಗೋದಾಮಿಗೆ ಬೆಂಕಿ ಬಿದ್ದಾಗ ಸುಮಾರು 300 ಪ್ರತಿ ಸುಟ್ಟವು. ಬದುಕಿರುವವರೆಗೆ ಹಾರ್ಪರ್‌ನಿಂದ ಈ ಪುಸ್ತಕಕ್ಕೆ ಅವನಿಗೆ ಬಂದದ್ದು 556 ಡಾಲರ್ ಚಿಲ್ಲರೆ.

ಪ್ರಶ್ನೆ: ತಿಮಿಂಗಿಲ ಹಡಗನ್ನು ಮುಳುಗಿಸುವುದು ಅತಿಶಯೋಕ್ತಿಯಲ್ಲವೇ?

ಉತ್ತರ: 1820ರ ನವೆಂಬರ್ 20ರಂದು ಶಾಂತಸಾಗರದಲ್ಲಿ ಎಸೆಕ್ಸ್ ಎಂಬ ಹಡಗನ್ನು ಗಂಡು ಸ್ಪರ್ಮ್ ತಿಮಿಂಗಿಲವೊಂದು ಎರಡು ಸಲ ಗುದ್ದಿ ಮುಳುಗಿಸಿತು. ಇಪ್ಪತ್ತು ಜನ ಮೂರು ದೋಣಿಗಳಿಗೆ ಇಳಿದರು, ಬದುಕಿದವರು ಎಂಟು. ಮೇಟ್ ಆಗಿದ್ದ ಓವನ್ ಚೇಸ್ ಬರೆದ ವೃತ್ತಾಂತವನ್ನು ಮೆಲ್ವಿಲ್ ಸಮುದ್ರದ ಮೇಲೆಯೇ, ಚೇಸನ ಮಗನಿಂದ ಪಡೆದು ಓದಿದ್ದ. ‘ಮೋಬಿ ಡಿಕ್’ ಅಚ್ಚಾಗುತ್ತಿದ್ದ ಹೊತ್ತಿನಲ್ಲೇ, 1851ರ ಆಗಸ್ಟಿನಲ್ಲಿ, ಆನ್ ಅಲೆಕ್ಸಾಂಡರ್ ಎಂಬ ಇನ್ನೊಂದು ಹಡಗು ಹೀಗೇ ಮುಳುಗಿತು. ಒಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ: ಪೀಕ್ವಾಡ್ ಹೊರಡುವ ನ್ಯಾಂಟಕೆಟ್ ದ್ವೀಪಕ್ಕೆ ಮೆಲ್ವಿಲ್ ಮೊದಲ ಸಲ ಕಾಲಿಟ್ಟದ್ದು 1852ರ ಜುಲೈಯಲ್ಲಿ, ಪುಸ್ತಕ ಬಂದ ಮೇಲೆ. ಎಸೆಕ್ಸ್‌ನ ಕ್ಯಾಪ್ಟನ್ ಪೊಲಾರ್ಡ್‌ನನ್ನು ನೋಡಿದ್ದೂ ಆಗಲೇ.

ಪ್ರಶ್ನೆ: ಇಷ್ಟು ದಪ್ಪದ ಪುಸ್ತಕ ಬೇಡ. ಮೆಲ್ವಿಲ್‌ನನ್ನು ಎಲ್ಲಿಂದ ಶುರು ಮಾಡಲಿ?

ಉತ್ತರ: ‘ಬಾರ್ಟಲ್‌ಬಿ’ಯಿಂದ. 1853ರಲ್ಲಿ ಪುಟಕ್ಕೆ ಐದು ಡಾಲರ್ ಕೊಡುತ್ತಿದ್ದ ಪಟ್ನಮ್ಸ್ ಮಾಸಪತ್ರಿಕೆಗೆ ಬರೆದ ನೀಳ್ಗತೆ. ವಾಲ್ ಸ್ಟ್ರೀಟಿನ ವಕೀಲರ ಕಚೇರಿ. ದಸ್ತಾವೇಜು ನಕಲು ಮಾಡುವುದು, ಆಮೇಲೆ ಒಬ್ಬ ಓದಿ ಇನ್ನೊಬ್ಬ ತಾಳೆ ನೋಡುವುದು ಅಲ್ಲಿನ ಕೆಲಸ. ಹೊಸ ಗುಮಾಸ್ತ ಬರೆಯಲು ಒಪ್ಪುತ್ತಾನೆ, ಮೂರನೆಯ ದಿನ ತಾಳೆ ನೋಡಲು ಸಭ್ಯವಾಗಿ ಒಲ್ಲೆನೆನ್ನುತ್ತಾನೆ. ಅಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೀವೇ ಓದಿ. ಅದಾದ ಮೇಲೆ ‘ಬೆನಿಟೊ ಸೆರೆನೊ’. ‘ಪಿಯರ್’ ಸದ್ಯಕ್ಕೆ ಮುಟ್ಟಬೇಡಿ. 1852ರಲ್ಲಿ ಅದು ಬಂದಾಗ ಲೇಖಕನಿಗೆ ಹುಚ್ಚು ಹಿಡಿದಿದೆ ಎಂದೇ ಒಂದು ಪತ್ರಿಕೆ ತಲೆಬರಹ ಕೊಟ್ಟಿತ್ತು. ಅದು ಅನ್ಯಾಯ, ಆದರೂ ಶುರು ಮಾಡುವವರಿಗೆ ಹೇಳಿದ ಪುಸ್ತಕವಲ್ಲ.

ಪ್ರಶ್ನೆ: ಸೋಲಿನಿಂದ ನೊಂದು ಬರೆಯುವುದನ್ನೇ ಬಿಟ್ಟು ಕಸ್ಟಮ್ಸ್ ಸೇರಿದ ಎನ್ನುತ್ತಾರೆ.

ಉತ್ತರ: ಕಾದಂಬರಿ ಪ್ರಕಟಿಸುವುದನ್ನು ಬಿಟ್ಟ, ಬರೆಯುವುದನ್ನಲ್ಲ. ಅವನು ಬದುಕಿದ್ದಾಗ ಬಂದ ಕೊನೆಯ ಕಾದಂಬರಿ ‘ದ ಕಾನ್ಫಿಡೆನ್ಸ್-ಮ್ಯಾನ್’, 1857. ನ್ಯೂಯಾರ್ಕ್ ಬಂದರಿನ ಕಸ್ಟಮ್ಸ್ ಇನ್‌ಸ್ಪೆಕ್ಟರ್ ಆದದ್ದು 1866ರ ಡಿಸೆಂಬರಿನಲ್ಲಿ, ಬಿಟ್ಟದ್ದು 1885ರ ಕೊನೆಗೆ. ದಿನಕ್ಕೆ ನಾಲ್ಕು ಡಾಲರ್, ವಾರಕ್ಕೆ ಆರು ದಿನ. ಬಂದ ಹಡಗಿನ ಸರಕನ್ನು ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸ. ಲಂಚಕ್ಕೆ ಹೆಸರಾಗಿದ್ದ ಜಾಗದಲ್ಲಿ ಕೈ ಶುದ್ಧ ಇಟ್ಟುಕೊಂಡವನು.

ಕೆಲಸ ಮುಗಿಸಿ ಬಂದು ಬರೆದದ್ದು ‘ಕ್ಲಾರೆಲ್’: ಸುಮಾರು 18,000 ಸಾಲಿನ ಕಾವ್ಯ, 1856–57ರ ಜೆರೂಸಲೇಮ್ ಪ್ರವಾಸದ ಫಲ. 1876ರಲ್ಲಿ ಸೋದರಮಾವ ಕೊಟ್ಟ ಹಣದಿಂದ ಅಚ್ಚಾಯಿತು. ಮೂರು ವರ್ಷದ ಮೇಲೆ, ಮಾರಾಟವಾಗದೆ ಉಳಿದ ಪ್ರತಿಗಳನ್ನು ರದ್ದಿಗೆ ಹಾಕಲು ಅವನೇ ಒಪ್ಪಿಗೆ ಕೊಟ್ಟ. ಕೊನೆಯ ಎರಡು ಕವನ ಸಂಕಲನಗಳನ್ನು ತಲಾ 25 ಪ್ರತಿ ಮಾತ್ರ ಅಚ್ಚು ಹಾಕಿಸಿದ, ಆಪ್ತರಿಗೆ ಹಂಚಲು.

ಪ್ರಶ್ನೆ: ನನ್ನ ‘ಬಿಲ್ಲಿ ಬಡ್’ ಪ್ರತಿಯಲ್ಲಿ ಯುದ್ಧನೌಕೆಯ ಹೆಸರು ಇನ್‌ಡಾಮಿಟಬಲ್, ಗೆಳತಿಯ ಪ್ರತಿಯಲ್ಲಿ ಬೆಲ್ಲಿಪೊಟೆಂಟ್. ಯಾವುದು ಸರಿ?

ಉತ್ತರ: ಗೆಳತಿಯದು. ಮೆಲ್ವಿಲ್ ಸತ್ತಾಗ ಈ ಕೃತಿ ಹಸ್ತಪ್ರತಿಯಲ್ಲೇ ಇತ್ತು: ಅಳಿಸಿ ತಿದ್ದಿದ ಹಾಳೆಗಳು, ಗುಂಡುಸೂಜಿಯಿಂದ ಸಿಕ್ಕಿಸಿದ ಚೀಟಿಗಳು. 1919ರಲ್ಲಿ ರೇಮಂಡ್ ವೀವರ್ ಎಂಬ ವಿದ್ವಾಂಸ ಮೊಮ್ಮಗಳ ಬಳಿಯಿದ್ದ ಕಾಗದಪತ್ರಗಳಲ್ಲಿ ಅದನ್ನು ಕಂಡು, 1924ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ. ಕೈಬರಹ ಕಷ್ಟದ್ದು, ಓದುವುದರಲ್ಲಿ ತಪ್ಪುಗಳಾದವು. ಲೇಖಕ ಕೈಬಿಟ್ಟಿದ್ದ ಹಾಳೆಗಳು ಮುನ್ನುಡಿಯಾಗಿ ಬಂದು ಕೂತವು. ಹೆಂಡತಿ ಎಲಿಜಬೆತ್‌ಳ ಬರಹವನ್ನೂ ಅವನದೆಂದೇ ತಿಳಿದರು. 1962ರಲ್ಲಿ ಹೇಫರ್ಡ್ ಮತ್ತು ಸೀಲ್ಟ್ಸ್ ಎಂಬ ಇಬ್ಬರು ಸಂಪಾದಕರು ಹಾಳೆ ಹಾಳೆಯ ಶಾಯಿ, ಪೆನ್ಸಿಲ್, ಕಾಗದ ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡಿದರು. ನೌಕೆಯ ಹೆಸರನ್ನು ಮೆಲ್ವಿಲ್ ಕೊನೆಯ ಹಂತದಲ್ಲಿ ಬೆಲ್ಲಿಪೊಟೆಂಟ್ ಎಂದು ಬದಲಿಸಲು ಹೊರಟಿದ್ದ, ಎಲ್ಲ ಕಡೆ ತಿದ್ದಿ ಮುಗಿಸಿರಲಿಲ್ಲ.

ಅಂಗಡಿಯಲ್ಲಿ ನಿಂತು ನೋಡಲು ಮೂರು ಗುರುತು ಸಾಕು. ಶೀರ್ಷಿಕೆಯಲ್ಲಿ ‘ಫೋರ್‌ಟಾಪ್‌ಮನ್’ ಎಂದಿದ್ದರೆ ಹಳೆಯ ಪಾಠ, ‘ಸೇಲರ್’ ಎಂದಿದ್ದರೆ 1962ರದ್ದು. 1797ನೇ ಇಸವಿಯ ಮಾತಿನಿಂದ ಶುರುವಾಗುವ ಪುಟ್ಟ ಮುನ್ನುಡಿ ಇದ್ದರೆ ಹಳೆಯದು. ಮೂರನೆಯದು ನೌಕೆಯ ಹೆಸರು. ಹಳೆಯ ಪಾಠಕ್ಕೆ ಹಕ್ಕುಸ್ವಾಮ್ಯದ ತಕರಾರು ಕಡಿಮೆ ಎಂದು ಅಗ್ಗದ ಮುದ್ರಣಗಳಲ್ಲಿ ಈಗಲೂ ಅದೇ ಸಿಗುವುದುಂಟು. ಕಥೆ ತಿಳಿಯಲು ಅದೂ ಅಡ್ಡಿಯಿಲ್ಲ. ಪಾಠ ಮಾಡುವವರು, ಲೇಖನ ಬರೆಯುವವರು ಮಾತ್ರ ಅದನ್ನು ನೆಚ್ಚಬಾರದು.